ಹೊತ್ತು ಮುಳುಗಿದರೆ ಬರುವ ಕಾಯಿಲೆ

ನೋವಿಲ್ಲದ ಕಾಯಿಲೆಯನ್ನು ಯಾರೂ ನಂಬುವುದಿಲ್ಲ. ಹಲ್ಲುನೋವು ಅಂದರೆ ಲವಂಗ ಬರುತ್ತದೆ, ಹೊಟ್ಟೆನೋವು ಅಂದರೆ ಓಂಕಾಳಿನ ಬಿಸಿನೀರು ಬರುತ್ತದೆ. ಕೈ ಮೇಲೇಳುತ್ತಿಲ್ಲ, ಆದರೆ ನೋವೇನೂ ಇಲ್ಲ ಅಂತ ಹೇಳಿ ನೋಡಿ. ಎದುರಿಗಿದ್ದವರ ಮುಖದಲ್ಲಿ ಮೊದಲು ಒಂದು ಅನುಮಾನ ಬರುತ್ತದೆ, ಆಮೇಲೆ ಒಂದು ನಗು. ಆ ನಗುವನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಮದುವೆಯಾಗಿ ಯಶವಂತಪುರದ ವಠಾರದಿಂದ ಅಲ್ಲಾಳಸಂದ್ರಕ್ಕೆ ಬಂದೆ. ಗಂಡನ ಮನೆಯವರು ಅಲ್ಲಿಯ ಹಳಬರು. ಕೆರೆಯ ಹಿಂದೆ ಒಂದು ತುಂಡು ದ್ರಾಕ್ಷಿ ತೋಟ, ಮನೆಯ ಹಿತ್ತಲಲ್ಲಿ ಒಂದು ಬಾವಿ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಮಾವ ತೀರಿಕೊಂಡಿದ್ದರು. ಮನೆಯಲ್ಲಿದ್ದವರು ಅತ್ತೆ, ನಾನು, ನನ್ನ ಗಂಡ, ಇಷ್ಟೇ. ಗಂಡ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ವಾರಕ್ಕೊಂದು ಶಿಫ್ಟು. ಮಾತು ಕಡಿಮೆ, ಕುಡಿತವಿಲ್ಲ, ಕೈ ಎತ್ತುವವರಲ್ಲ. ಒಳ್ಳೆಯ ಹುಡುಗ ಅಂತ ನಮ್ಮಮ್ಮ ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದರು. ಒಳ್ಳೆಯವರೇ. ಅದರ ಮೇಲೆ ನನ್ನದೇನೂ ತಕರಾರಿಲ್ಲ.

ಮದುವೆಯ ಮರುವರ್ಷ ಅದು ಶುರುವಾಯಿತು. ಸಂಜೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಎರಡು ಸೀರೆ ತೆಗೆದೆ. ಮೂರನೆಯದಕ್ಕೆ ಕೈ ಎತ್ತಿದರೆ ಹೆಗಲಿನ ಮಟ್ಟಕ್ಕೆ ಬಂದ ಕೈ ಮೇಲೆ ಹೋಗಲೇ ಇಲ್ಲ. ಸೆಳೆತವಿಲ್ಲ, ಜೋಮು ಹಿಡಿದಿಲ್ಲ. ನಾನು ಎತ್ತು ಅನ್ನುತ್ತಿದ್ದೇನೆ, ಅದು ಕೇಳಿಸಿಕೊಳ್ಳುತ್ತಿಲ್ಲ. ಬೇರೆಯವರ ಮನೆಯ ಆಳಿಗೆ ಕೆಲಸ ಹೇಳಿದ ಹಾಗಿತ್ತು. ಹೆದರಿ ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ಕೈ ಸಲೀಸಾಗಿ ಹೋಯಿತು. ಒಳಗೆ ಬಂದು ಅತ್ತೆಗೆ ಹೇಳಿದೆ. ಅವರು ನನ್ನ ಕೈಯನ್ನು ಹಿಡಿದು ಎಳೆದು ನೋಡಿ, ಬಿಟ್ಟರು.

ಆಮೇಲೆ ಅದು ಮೈಯಲ್ಲೆಲ್ಲ ಓಡಾಡತೊಡಗಿತು. ಸಂಜೆಯಾದರೆ ರೆಪ್ಪೆಗಳು ಜಾರುತ್ತಿದ್ದವು. ಒಂದು ದೀಪ ಎರಡಾಗಿ ಕಾಣುತ್ತಿತ್ತು. ಜಡೆ ಹೆಣೆಯಲು ಕೈ ಮೇಲೆ ನಿಲ್ಲುತ್ತಿರಲಿಲ್ಲ. ಮಾತು ಶುರುಮಾಡಿದಾಗ ಸರಿಯಾಗಿದ್ದು, ಆಡುತ್ತ ಆಡುತ್ತ ಮೂಗಿನೊಳಗಿಂದ ಬರುತ್ತಿತ್ತು. ಆದರೆ ಬೆಳಗಾದರೆ ಎಲ್ಲ ಸರಿ. ನಿದ್ದೆ ಮುಗಿಸಿ ಎದ್ದವಳು ಹೊಸದಾಗಿ ಹುಟ್ಟಿದ ಹಾಗೆ ಇರುತ್ತಿದ್ದೆ. ಬಾವಿಯಿಂದ ನೀರು ಸೇದಿ ಎರಡು ಹಂಡೆ ತುಂಬಿಸುತ್ತಿದ್ದೆ, ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದೆ, ಎಮ್ಮೆ ಕರೆಯುತ್ತಿದ್ದೆ. ಸಂಜೆಗೆ ಒಂದು ಚೆಂಬು ಎತ್ತಿ ಬಾಯಿಗೆ ಹಿಡಿಯುವುದೂ ಕಷ್ಟ.

ನನ್ನ ಕೇಡಿಗೆ ಕಾರಣವಾದದ್ದು ಆ ಬೆಳಗುಗಳು. ದಿನವಿಡೀ ಬಿದ್ದುಕೊಂಡಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದರೇನೋ. ಬೆಳಿಗ್ಗೆ ಹಂಡೆ ತುಂಬಿಸಿದವಳು ಸಂಜೆ ಚೆಂಬು ಎತ್ತಲಾರೆ ಅಂದರೆ ಯಾರು ನಂಬುತ್ತಾರೆ?

"ಒತ್ತು ಮುಳುಗಿದ್ರೆ ಇವ್ಳಿಗೆ ನಾಟ್ಕ ಶುರು ಆಯ್ತದೆ" ಅಂತ ಅತ್ತೆ ಜಗಲಿಯ ಮೇಲೆ ಕೂತು ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದರು. "ಬೆಳಗ್ಗೆ ನೀರು ಸೇದೋ ಕೈಗೆ ಸಂಜೆಗೆ ಅದೇನ್ ಬತ್ತದೋ ಕಾಣೆ. ಸಂಜೆ ಕೆಲ್ಸ ಜಾಸ್ತಿ ನೋಡು, ಅದ್ಕೆ."

ಅತ್ತೆ ಹೇಳಿದ್ದರಲ್ಲಿ ಲೆಕ್ಕ ತಪ್ಪೇನೂ ಇರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಅಷ್ಟೇ. ಬೀದಿಯ ಹೆಂಗಸರು ಅದಕ್ಕೊಂದು ಹೆಸರಿಟ್ಟರು, ಸಂಜೆ ಕಾಯಿಲೆ ಅಂತ. ನಾನು ಹಾಲು ಕೊಡಲು ಹೋದರೆ, "ಏನ್ ಸಮಾಚಾರ, ಇನ್ನೂ ಒತ್ತು ಮುಳುಗಿಲ್ವಾ?" ಅಂತ ಕೇಳುತ್ತಿದ್ದರು. ನಾನೂ ನಗಬೇಕಿತ್ತು. ಆದರೆ ನನ್ನ ನಗುವಿನದೇ ಇನ್ನೊಂದು ಗೋಳು. ಬಾಯಿಯ ಎರಡು ತುದಿ ಮೇಲೆ ಹೋಗದೆ, ಮೇಲ್ತುಟಿ ಮಾತ್ರ ನಡುವೆ ಎದ್ದು ಹಲ್ಲು ಕಾಣುತ್ತಿತ್ತು. ಕನ್ನಡಿಯಲ್ಲಿ ನಾನೇ ನೋಡಿ ದಂಗಾಗಿದ್ದೇನೆ. ಸಂಜೆ ಮನೆಗೆ ಬಂದ ನೆಂಟರನ್ನು ನಗುತ್ತ ಬನ್ನಿ ಅಂದರೆ, ಅವರು ಹೋಗುವಾಗ ಅತ್ತೆಯ ಹತ್ತಿರ, "ನಿಮ್ ಸೊಸೆ ನಮ್ಮನ್ನ ಅಣಕಿಸ್ತಾಳಲ್ಲವ್ವ" ಅಂದು ಹೋಗುತ್ತಿದ್ದರು.

ಅದೆಲ್ಲ ಸಹಿಸಬಹುದಿತ್ತು. ಮುದ್ದೆಯ ವಿಷಯ ಬಂದಾಗ ಮಾತ್ರ ನನ್ನ ಮೇಲೆ ಇಡೀ ಮನೆತನದ ಅವಮಾನ ಬಂದು ಕೂತಿತು. ನಮ್ಮ ತವರಿನಲ್ಲಿ ರಾತ್ರಿ ಅನ್ನ. ಇಲ್ಲಿ ಮುದ್ದೆ. ಮುದ್ದೆಯನ್ನು ಅಗಿಯುವಂತಿಲ್ಲ, ಸಾರಿನಲ್ಲಿ ಅದ್ದಿ ಹಾಗೇ ನುಂಗಬೇಕು. ಮಧ್ಯಾಹ್ನ ನಾನೂ ಎಲ್ಲರ ಹಾಗೆ ನುಂಗುತ್ತಿದ್ದೆ. ಸಂಜೆಯ ಮುದ್ದೆ ಗಂಟಲಲ್ಲೇ ನಿಲ್ಲುತ್ತಿತ್ತು. ನೀರು ಕುಡಿದರೆ ಅರ್ಧ ನೀರು ಮೂಗಿನಿಂದ ವಾಪಸು ಬರುತ್ತಿತ್ತು. ಒಮ್ಮೆ ಅತ್ತೆಯ ತಮ್ಮಂದಿರ ಸಾಲಿನಲ್ಲಿ ಕೂತಾಗ ಹಾಗಾಯಿತು. ನೆಲದ ಮೇಲೆ ಮುದ್ದೆಯ ಸಾರು, ನನ್ನ ಸೀರೆಯ ಮೇಲೆ ಮೂಗಿನ ನೀರು.

"ಪ್ಯಾಟೆಯೋಳು" ಅಂದರು ಅತ್ತೆ. "ಮುದ್ದೆ ಕಂಡ್ರೆ ಮೂಗಲ್ಲಿ ಬಿಡ್ತಾಳೆ."

ಯಾರೂ ನಗಲಿಲ್ಲ. ಅನ್ನವನ್ನು ಕಾಲಲ್ಲಿ ಒದ್ದವಳನ್ನು ನೋಡುವ ಹಾಗೆ ನೋಡಿದರು. ನನ್ನ ಗಂಡ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ಯಶವಂತಪುರವೂ ಬೆಂಗಳೂರು, ಅಲ್ಲಾಳಸಂದ್ರವೂ ಬೆಂಗಳೂರು ಅಂತ ಈಗ ಹೇಳುತ್ತಾರೆ. ಆಗ ಎರಡರ ನಡುವೆ ಒಂದು ಮುದ್ದೆಯಷ್ಟು ದೂರವಿತ್ತು.

ಯಲಹಂಕದ ಡಾಕ್ಟರಿಗೆ ತೋರಿಸಿದ್ದಾಯಿತು. ಅವರ ಶಾಪು ಬೆಳಿಗ್ಗೆ ಮಾತ್ರ ತೆರೆಯುತ್ತಿತ್ತು. ಬಸ್ಸಿನಲ್ಲಿ ಕೂತು, ಅಲ್ಲಿ ಬೆಂಚಿನ ಮೇಲೆ ಕಾದು ಕೂತು, ಚೆನ್ನಾಗಿ ಸುಧಾರಿಸಿಕೊಂಡು ಒಳಗೆ ಹೋದರೆ ನನಗೆ ಯಾವ ಕಾಯಿಲೆ ಇರಬೇಕು? ಅವರು ಕೈ ಒತ್ತು ಅಂದರು, ಒತ್ತಿದೆ. ಕಣ್ಣು ಬಿಡು ಅಂದರು, ಬಿಟ್ಟೆ. ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು, ಕಾಲು ಹಾರಿತು. "ಹೊಸದಾಗಿ ಮದುವೆಯಾಗಿದೆ, ತವರಿನ ಯೋಚನೆ" ಅಂದು ಕೆಂಪು ಟಾನಿಕ್ ಬರೆದರು. ಸಂಜೆ ಬಂದು ನೋಡಿ ಅಂತ ನಾನು ಹೇಳಬಹುದಿತ್ತಾ? ಡಾಕ್ಟರಿಗೆ ಹಾಗೆಲ್ಲ ಹೇಳುವ ಕಾಲವಲ್ಲ ಅದು.

ಮುದ್ದೆಯ ರಾದ್ಧಾಂತವಾದ ಮೇಲೆ ನನ್ನ ಗಂಡನಿಗೂ ಮನಸ್ಸಿಗೆ ಏನೋ ಅನಿಸಿರಬೇಕು. ರಜೆ ಹಾಕಿ, ಮಲ್ಲೇಶ್ವರದಲ್ಲಿ ಸಂಜೆ ಹೊತ್ತು ನೋಡುತ್ತಿದ್ದ ಒಬ್ಬ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದ ಗಂಭೀರ ಮನುಷ್ಯ. ಅವರು ಸುತ್ತಿಗೆ ತೆಗೆಯಲಿಲ್ಲ. ಮೇಲೆ ತಿರುಗುತ್ತಿದ್ದ ಫ್ಯಾನನ್ನು ತೋರಿಸಿ, "ಅದನ್ನೇ ನೋಡ್ತಾ ಇರಿ, ಕಣ್ಣು ತೆಗೀಬೇಡಿ" ಅಂದರು. ನೋಡುತ್ತಾ ಇದ್ದೆ. ನೋಡುತ್ತಿದ್ದ ಹಾಗೆಯೇ ರೆಪ್ಪೆಗಳು ಜಾರಿ ಫ್ಯಾನು ಮಾಯವಾಯಿತು. ಡಾಕ್ಟರು ಹ್ಞೂಂ ಅಂದರು. ಆಮೇಲೆ ತೋಳಿಗೆ ಒಂದು ಇಂಜೆಕ್ಷನ್ ಕೊಟ್ಟು ಪಕ್ಕದ ಕೋಣೆಯಲ್ಲಿ ಕೂರಿಸಿದರು.

ಆ ಸಂಜೆಯನ್ನು ಹೇಗೆ ಹೇಳುವುದು? ಕೂತಿದ್ದಲ್ಲೇ ರೆಪ್ಪೆಗಳು ಮೇಲೆದ್ದವು. ಎರಡಾಗಿ ಕಾಣುತ್ತಿದ್ದ ಗೋಡೆಯ ಗಡಿಯಾರ ಒಂದೇ ಆಯಿತು. ಜಡೆ ಬಿಚ್ಚಿ ಮತ್ತೆ ಹೆಣೆದೆ. ಅಲ್ಲಿದ್ದ ಆಯಾ ಏನಮ್ಮಾ ಅಂತ ಕೇಳಿದಾಗ ಉತ್ತರ ಕೊಟ್ಟೆ, ನನ್ನ ದನಿ ನನ್ನದೇ ಆಗಿತ್ತು. ಅಷ್ಟರಲ್ಲಿ ಡಾಕ್ಟರು ಬಂದು ನೋಡಿ, ನನ್ನ ಬೆನ್ನು ತಟ್ಟಿ, ಗಂಡನನ್ನು ಮಾತ್ರ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಹೆಂಗಸಿನ ಕಾಯಿಲೆಯನ್ನು ಗಂಡಸಿಗೆ ಹೇಳುವುದೇ ಆಗ ಪದ್ಧತಿ. ಯಾರ ಕಣ್ಣು, ಯಾರ ಗಂಟಲು ಅನ್ನುವುದು ಮುಖ್ಯವಲ್ಲ.

ಹೊರಗೆ ಬಂದ ಗಂಡನ ಮುಖ ಕೆಂಪಗಾಗಿತ್ತು. "ಏನಂದ್ರು?" ಅಂತ ಕೇಳಿದೆ.

"ಏನಿಲ್ವಂತೆ. ರಕ್ತ ಕಮ್ಮಿ. ಮನಸ್ಸಿಗೆ ಹಚ್ಕೋಬಾರ್ದಂತೆ."

"ಆ ಇಂಜೆಕ್ಷನ್ ಏನು? ಅದನ್ನೇ ದಿನಾ ಕೊಡ್ಸಿ."

"ಬಿ ಕಾಂಪ್ಲೆಕ್ಸು. ಟಾನಿಕ್ ಕುಡಿದ್ರೆ ಅದೇ ಆಗುತ್ತೆ ಬಾ."

ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೆಬ್ಬಾಳದ ಕೆರೆ ದಾಟುವವರೆಗೆ ನಾನು ಮಾತಾಡಿದ್ದೇ ಮಾತಾಡಿದ್ದು. ಅಷ್ಟು ಮಾತು ಕೂಡಿಟ್ಟಿದ್ದೆನೋ ಏನೋ. ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಮನೆ ಸೇರಿದ ಮೇಲೆ ನಾಲಿಗೆ ಮತ್ತೆ ದಪ್ಪವಾಯಿತು. ಅತ್ತೆಗೆ ಅವರು, "ಏನೂ ಕಾಯಿಲೆ ಇಲ್ವಂತೆ ಕಣವ್ವ" ಅಂದರು. ಮಲ್ಲೇಶ್ವರದ ದೊಡ್ಡ ಡಾಕ್ಟರೇ ಇಲ್ಲ ಅಂದ ಮೇಲೆ ನನ್ನ ಕಾಯಿಲೆಗೆ ಇದ್ದ ಕೊನೆಯ ಆಸರೆಯೂ ಹೋಯಿತು. ಆವತ್ತಿನಿಂದ ನಾನು ಅಧಿಕೃತವಾಗಿ ಸುಳ್ಳಿ.

ಆಮೇಲಿನ ಎರಡು ವರ್ಷ ಸಂಜೆಯ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸುವ ಉಪಾಯ ಕಲಿತೆ. ಮುದ್ದೆಯನ್ನು ಸಾರಿನಲ್ಲಿ ಕರಗಿಸಿ ಅಂಬಲಿಯ ಹಾಗೆ ಕುಡಿದೆ. ಅದಕ್ಕೂ ಮಾತು ಬಂತು. ಮಕ್ಕಳಾಗಿರಲಿಲ್ಲ, ಅದಕ್ಕೂ ನನ್ನ ಸೋಮಾರಿತನವೇ ಕಾರಣ ಅಂತ ಆಯಿತು. ಒಂದು ಕಾಲಕ್ಕೆ ನನಗೇ ಅನುಮಾನ ಬಂತು. ನಿಜವಾಗಿ ಕೈ ಏಳುತ್ತಿಲ್ಲವೋ, ಎತ್ತಲು ನನಗೇ ಇಷ್ಟವಿಲ್ಲವೋ? ಹಿತ್ತಲ ಕತ್ತಲಲ್ಲಿ ನಿಂತು ಕೈಗೆ ಬೈದಿದ್ದೇನೆ. ಎಲ್ಲರೂ ಸೇರಿ ಒಬ್ಬಳಿಗೆ ದಿನಾ ಒಂದೇ ಮಾತು ಹೇಳಿದರೆ ಅವಳು ತನ್ನ ಮೈಯನ್ನೇ ನಂಬುವುದು ಬಿಡುತ್ತಾಳೆ. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಆ ಮನೆಯಲ್ಲಿ ಆಗಲಿಲ್ಲ.

ಎದುರು ಮನೆಗೆ ದ್ರಾಕ್ಷಿ ವ್ಯಾಪಾರ ಮಾಡುವ ಒಂದು ಮುಸ್ಲಿಂ ಕುಟುಂಬ ಬಾಡಿಗೆಗೆ ಬಂದಿತ್ತು. ಆ ಮನೆಯಾಕೆ ಸಂಜೆ ಹೊತ್ತು ಹಾಲಿಗೆ ಬರುತ್ತಿದ್ದರು. ಮಲ್ಲೇಶ್ವರದ ಆ ಇಂಜೆಕ್ಷನ್ನಿನ ಸಂಜೆಯನ್ನು ನಾನು ಅವರಿಗೆ ಹೇಳಿಕೊಂಡಿದ್ದೆ. ಒಂದು ದಿನ ಗಂಡನಿಗೆ ಎರಡನೇ ಶಿಫ್ಟು, ಅತ್ತೆ ಬಾಗಲಗುಂಟೆಯ ಮಗಳ ಮನೆಗೆ ಹೋಗಿದ್ದರು. ನಾನು ಒಬ್ಬಳೇ ಕಾಫಿ ಕುಡಿಯಲು ಹೋಗಿ, ಅದು ಉಸಿರಿನ ದಾರಿಗೆ ಇಳಿದು, ಕೆಮ್ಮಲು ಶಕ್ತಿಯಿಲ್ಲದೆ ಅಡುಗೆಮನೆಯ ಬಾಗಿಲಲ್ಲಿ ಕುಸಿದಿದ್ದೆ. ಹಾಲಿಗೆ ಬಂದ ಆಕೆ ನನ್ನನ್ನು ಬಗ್ಗಿಸಿ ಬೆನ್ನಿಗೆ ಗುದ್ದಿ ಉಸಿರು ಬರಿಸಿದರು.

"ಇದು ನಾಟಕ ಅಂತಾರಾ ಇವರು?" ಅಂದರು. "ಯಾವ ಡಾಕ್ಟರದು ಸೂಜಿ ನಿಮಗೆ ಚೆನ್ನಾಗಿ ಮಾಡಿತ್ತು? ಅಲ್ಲಿಗೇ ಹೋಗೋಣ. ನಮ್ದು ಟೆಂಪೋ ಐತೆ, ಏಳಿ."

ಖಾಲಿ ದ್ರಾಕ್ಷಿ ಬುಟ್ಟಿಗಳ ಟೆಂಪೋದಲ್ಲಿ, ಅವರ ಗಂಡನ ಪಕ್ಕ ನಾವಿಬ್ಬರೂ ಒತ್ತಿಕೊಂಡು ಕೂತು ಮಲ್ಲೇಶ್ವರಕ್ಕೆ ಹೋದೆವು. ಡಾಕ್ಟರಿಗೆ ನನ್ನ ನೆನಪಿತ್ತು. ಇಂಜೆಕ್ಷನ್ ಕೊಟ್ಟು, ನಾನು ಸುಧಾರಿಸಿಕೊಂಡ ಮೇಲೆ ಸಿಟ್ಟಿನಿಂದಲೇ ಕೇಳಿದರು.

"ಮಾತ್ರೆ ಯಾಕಮ್ಮ ನಿಲ್ಲಿಸಿದ್ರಿ?"

"ಯಾವ ಮಾತ್ರೆ?" ಅಂದೆ.

ಅವರು ನನ್ನನ್ನೇ ನೋಡಿದರು. "ನಿಮ್ಮ ಯಜಮಾನ್ರಿಗೆ ಎಲ್ಲಾ ಬಿಡಿಸಿ ಹೇಳಿದ್ನಲ್ಲ. ದಿನಾ ತಗೋಬೇಕು, ಬಿಟ್ರೆ ಉಸಿರಿಗೇ ಬರುತ್ತೆ ಅಂತ ಹೇಳಿ ಕಳಿಸಿದ್ದೆ."

ನಾನು ಇಲ್ಲ ಅಂತ ತಲೆಯಾಡಿಸಿದೆ. ಅವರಿಗೆ ಏನೋ ಹೊಳೆದಿರಬೇಕು. ಕುರ್ಚಿ ಎಳೆದುಕೊಂಡು ಕೂತು, ಮೊದಲ ಸಲ ನನ್ನ ಕಾಯಿಲೆಯನ್ನು ನನಗೆ ಹೇಳಿದರು. ಕೈ ಎತ್ತಬೇಕು ಅಂದುಕೊಂಡ ಕೂಡಲೇ ಅಪ್ಪಣೆ ಮಿದುಳಿನಿಂದ ನರದಲ್ಲಿ ಓಡಿ ಬರುತ್ತದೆ. ಆದರೆ ನರ ಸ್ನಾಯುವನ್ನು ಮುಟ್ಟುವುದಿಲ್ಲ. ಎರಡರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಒಂದು ಸಂದು ಇದೆ. ನರದ ತುದಿ ಆ ಸಂದಿನಲ್ಲಿ ಒಂದು ರಸ ಬಿಡುತ್ತದೆ. ಸ್ನಾಯು ಆ ರಸವನ್ನು ಹಿಡಿದುಕೊಂಡು ಬಿಗಿಯುತ್ತದೆ, ಆಗ ಕೈ ಏಳುತ್ತದೆ. ಸ್ನಾಯುವಿನಲ್ಲಿ ರಸವನ್ನು ಹಿಡಿಯುವ ಜಾಗಗಳಿವೆ. ನಿಮ್ಮಲ್ಲಿ ಅವೇ ಹಾಳಾಗಿವೆ ಅಂದರು.

"ಬೆಳಿಗ್ಗೆ ಯಾಕೆ ಸರಿ ಇರ್ತೀನಿ?"

"ವಿಶ್ರಾಂತಿ ಆದಾಗ ನರದ ತುದೀಲಿ ರಸ ತುಂಬಿರುತ್ತೆ. ಧಾರಾಳವಾಗಿ ಬಿಡುತ್ತೆ, ಉಳಿದಿರೋ ಜಾಗಗಳಿಗೇ ಸಾಕಾಗುತ್ತೆ. ಕೆಲಸ ಮಾಡ್ತಾ ಮಾಡ್ತಾ ಪ್ರತಿ ಸಲ ಬಿಡೋದು ಕಮ್ಮಿಯಾಗುತ್ತೆ. ನಮ್ಗೂ ಕಮ್ಮಿಯಾಗುತ್ತೆ, ಆದ್ರೆ ನಮಗೆ ಗೊತ್ತಾಗಲ್ಲ. ನಿಮಗೆ ಗೊತ್ತಾಗುತ್ತೆ. ಮಾತ್ರೆ ಆ ರಸ ಬೇಗ ಕರಗದ ಹಾಗೆ ತಡೆಯುತ್ತೆ, ಅಷ್ಟೇ."

ಅಪ್ಪಣೆ ಹೋಗುತ್ತಿತ್ತು. ನನ್ನ ಮನಸ್ಸಿನಲ್ಲಿ ಮೋಸವಿರಲಿಲ್ಲ, ನರದಲ್ಲಿ ಸೋಮಾರಿತನವಿರಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಎದುರು ಮನೆಯಾಕೆ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ದಾರಿಯಲ್ಲಿ ಮಾತ್ರೆ ಕೊಂಡುಕೊಂಡೆವು.

ಮರುದಿನ ಬೆಳಿಗ್ಗೆ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಗಂಡನನ್ನು ಕೇಳಿದೆ.

"ಕೂಗಾಡ್ಬೇಡ" ಅಂದರು.

"ಕೂಗೋ ಶಕ್ತಿ ಇದ್ದಿದ್ರೆ ಯಾವತ್ತೋ ಕೂಗ್ತಿದ್ದೆ. ಯಾಕೆ ಮುಚ್ಚಿಟ್ರಿ, ಅದನ್ನ ಹೇಳಿ."

ಅವರು ಬೀದಿಬಾಗಿಲು ಮುಂದೆ ಮಾಡಿ ಬಂದು ಹೇಳಿದರು. "ನರಕ್ಕೂ ಸ್ನಾಯುಗೂ ಸಂಬಂಧಪಟ್ಟ ದೌರ್ಬಲ್ಯ ಅಂದ್ರು ಡಾಕ್ಟ್ರು. ನರ ದೌರ್ಬಲ್ಯ. ಅದನ್ನ ನಾನು ಯಾರ ಮುಂದೆ ಹೇಳ್ಕೊಳ್ಲಿ?"

ಆ ಕಾಲದ ಬೆಂಗಳೂರಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ರೈಲ್ವೆ ಕಾಂಪೌಂಡು, ಮೂತ್ರಾಲಯ, ಮೋರಿಯ ಗೋಡೆ, ಎಲ್ಲಿ ನೋಡಿದರೂ ದಪ್ಪ ಅಕ್ಷರದಲ್ಲಿ ನರ ದೌರ್ಬಲ್ಯ ಅಂತ ಬರೆದಿರುತ್ತಿತ್ತು. ಕೆಳಗೆ ಯಾವುದೋ ಲಾಡ್ಜಿನ ಹೆಸರು, ವೈದ್ಯರು ಬರುವ ದಿನ. ಅದು ನರಕ್ಕೂ ಸ್ನಾಯುವಿಗೂ ಸಂಬಂಧಪಟ್ಟ ಮಾತೇ ಅಲ್ಲ. ಹಾಸಿಗೆಯಲ್ಲಿ ಕೈಲಾಗದ ಗಂಡಸಿನ ಕಾಯಿಲೆಗೆ ಗೋಡೆಯವರು ಇಟ್ಟ ಮರ್ಯಾದೆಯ ಹೆಸರು ಅದು. ಗಂಡಸರು ಅದನ್ನು ನೋಡದವರ ಹಾಗೆ ಓದಿಕೊಂಡು ಮುಂದೆ ಹೋಗುತ್ತಿದ್ದರು.

"ದಿನಾ ಮಾತ್ರೆ ಬೇಕಂದ್ರೆ ಫ್ಯಾಕ್ಟ್ರಿ ಡಿಸ್ಪೆನ್ಸರೀಲಿ ಕಾಯಿಲೆ ಹೆಸ್ರು ಹೇಳ್ಬೇಕು" ಅಂದರು ಗಂಡ. "ಹಿಂದೆ ಕ್ಯೂನಲ್ಲಿ ನಮ್ ಹುಡುಗ್ರೆಲ್ಲ ನಿಂತಿರ್ತಾರೆ. ಅವ್ಳಿಗಾ ಗುರು, ನಿಂಗಾ ಅಂತ ಕೇಳ್ತಾರೆ. ಮಕ್ಳು ಬೇರೆ ಆಗಿಲ್ಲ ನಮ್ಗೆ. ಅವ್ವಂಗೆ ಗೊತ್ತಾದ್ರೆ ಅವ್ಳೂ ಹಂಗೇ ಅನ್ಕೊತಾಳೆ."

"ಅದಕ್ಕೆ ನಾನು ಸಾಯ್ಬೇಕಾಗಿತ್ತಾ?"

"ಇಷ್ಟು ಜೋರಾಗುತ್ತೆ ಅಂತ ಅನ್ಕೊಂಡಿರ್ಲಿಲ್ಲ" ಅಂದರು.

ಒಂದು ಪದ. ಡಾಕ್ಟರು ಅದನ್ನು ಒಂದು ಅರ್ಥದಲ್ಲಿ ಹೇಳಿದರು, ಇವರು ಗೋಡೆಯ ಅರ್ಥದಲ್ಲಿ ಕೇಳಿಸಿಕೊಂಡರು. ಕ್ಯೂನಲ್ಲಿ ನಾಲ್ಕು ಜನ ನಗಬಾರದು ಅಂತ ನನ್ನ ಗಂಟಲನ್ನು ಒತ್ತೆಯಿಟ್ಟರು. ನಾನು ಸೋಮಾರಿ, ನಾಟಕದವಳು, ಬಂಜೆ ಅನ್ನಿಸಿಕೊಳ್ಳಬಹುದು, ಅವರಿಗೆ ಮಾತ್ರ ಒಂದು ಕೀಟಲೆಯ ಪ್ರಶ್ನೆ ಬರಬಾರದು. ಕೈ ಎತ್ತುವ ಗಂಡನಾಗಿದ್ದರೆ ಬೀದಿಯವರಾದರೂ ನನ್ನ ಪರ ಮಾತಾಡುತ್ತಿದ್ದರು. ಒಳ್ಳೆಯ ಗಂಡ ಸುಮ್ಮನಿದ್ದು ಮಾಡಿದ್ದನ್ನು ಯಾರಿಗೆ ಹೇಳುವುದು?

ನಾನು ಒಂದೇ ಒಂದು ಬೇಡಿಕೆ ಇಟ್ಟೆ. "ಅತ್ತೆ ಬಂದ ಮೇಲೆ ನೀವೇ ಅವ್ರಿಗೆ ಹೇಳ್ಬೇಕು. ಇವ್ಳದ್ದು ನಾಟ್ಕ ಅಲ್ಲ, ಕಾಯಿಲೆ ಅಂತ. ಯಾವ ಹೆಸ್ರಲ್ಲಾದ್ರೂ ಹೇಳಿ. ನಾನು ಹೇಳಿದ್ರೆ ನಂಬಲ್ಲ." ಆಗಲಿ ಅಂದರು.

ಅತ್ತೆ ಬಂದರು. ನಾನು ಮಾತ್ರೆ ನುಂಗುತ್ತಿದ್ದೆ, ಸಂಜೆಗಳು ನನಗೆ ವಾಪಸು ಸಿಗತೊಡಗಿದ್ದವು. ಗಂಡ ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಅಂತ ಕಾದೆ. ಅತ್ತೆ ಕಣ್ಣಿಟ್ಟು ನೋಡುತ್ತಿದ್ದರು. ದೀಪ ಹಚ್ಚಿದ ಮೇಲೂ ನಾನು ಓಡಾಡಿಕೊಂಡಿದ್ದೆ, ಹೂ ಕಟ್ಟಿದೆ, ಸ್ಪಷ್ಟವಾಗಿ ಮಾತಾಡಿದೆ. ಒಂದು ಸಂಜೆ ನಡುಮನೆಯಲ್ಲಿ, ಬಾಗಲಗುಂಟೆಯ ಅತ್ತಿಗೆಯೂ ಕೂತಿದ್ದಾಗ, ನನ್ನ ಕೈಯಲ್ಲಿದ್ದ ಮಾತ್ರೆ ಅತ್ತೆಯ ಕಣ್ಣಿಗೆ ಬಿತ್ತು.

"ಅದೇನದು?"

"ಮಾತ್ರೆ. ಇದನ್ನ ತಗೊಂಡ್ರೆ ಕೈ ಬೀಳಲ್ಲ."

ಅತ್ತೆ ಮಗಳ ಕಡೆ ನೋಡಿದರು, ಆಮೇಲೆ ನನ್ನ ಕಡೆ. ದನಿಯಲ್ಲಿ ಬೈಗುಳವಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳುತ್ತಿದ್ದರು. "ಒಂದು ಮಾತ್ರೇಲಿ ಓಗೋದಾಗಿದ್ರೆ ಇಷ್ಟು ದಿನ ಯಾಕೆ ನುಂಗ್ಲಿಲ್ಲ? ಇಂಗೆ ನಮ್ಮನ್ನೆಲ್ಲ ಗೋಳಾಡಿಸ್ಬೇಕಿತ್ತಾ?"

ನಾನು ಗಂಡನ ಕಡೆ ತಿರುಗಿದೆ. ಅತ್ತೆಯೂ, ಅತ್ತಿಗೆಯೂ ನನ್ನ ನೋಟವನ್ನು ಹಿಂಬಾಲಿಸಿ ಅವರ ಕಡೆ ತಿರುಗಿದರು. ಅವರು ರೇಡಿಯೋದ ಮುಂದೆ ಕೂತು ಸ್ಟೇಷನ್ ಹುಡುಕುತ್ತಿದ್ದರು. ಬೆರಳು ಗುಂಡಿಯನ್ನು ಒಂದು ಕೂದಲಿನಷ್ಟು ಈ ಕಡೆ, ಒಂದು ಕೂದಲಿನಷ್ಟು ಆ ಕಡೆ ತಿರುಗಿಸುತ್ತಿತ್ತು. ಪ್ರಶ್ನೆ ಅವರಿಗೆ ಕೇಳಿಸಿತ್ತು, ಕುತ್ತಿಗೆ ಬಿಗಿಯಾದದ್ದು ನನಗೆ ಕಂಡಿತು. ನಾವು ಮೂವರೂ ಕಾದೆವು. ವಾರ್ತೆ ಶುರುವಾಯಿತು, ಅವರು ದನಿ ಜೋರು ಮಾಡಿದರು.

ಆಮೇಲೆ ನಾವು ಬಹಳ ವರ್ಷ ಒಟ್ಟಿಗೆ ಬಾಳಿದೆವು. ಅತ್ತೆ ಸಾಯುವವರೆಗೂ ಸೊಸೆ ಮಾತ್ರೆ ಇಟ್ಟುಕೊಂಡೇ ನಾಟಕ ಆಡಿದಳು ಅಂತಲೇ ನಂಬಿದ್ದರು. ಅವರನ್ನು ನಾನು ದೂರುವುದಿಲ್ಲ, ಅವರಿಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದ ಮನುಷ್ಯನ ನರಗಳು ಸರಿಯಾಗಿದ್ದವು, ನಾಲಿಗೆಯ ಸ್ನಾಯುವೂ ಸರಿಯಾಗಿತ್ತು, ನಡುವಿನ ಸಂದಿನಲ್ಲೂ ಯಾವ ತೊಂದರೆಯೂ ಇರಲಿಲ್ಲ. ಅವರು ಅಪ್ಪಣೆಯನ್ನೇ ಕೊಡಲಿಲ್ಲ.